ಚೌಕುಳಿ ಹಾಳೆಯಲ್ಲಿ ಬರೆದ ಜಾಝ್

೧೯೮೭ನೇ ಇಸವಿ ಜನವರಿ ೨೨, ಗುರುವಾರ. ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಸ್ಥಳ ದೊಡ್ಡಬಳ್ಳಾಪುರ, ನನ್ನ ಗೆಳೆಯನ ಮಗ್ಗದ ಶೆಡ್ಡು. ಹಾಜರಿದ್ದವರು ನಾಲ್ವರು: ಕ್ಲಾರಿನೆಟ್ ನುಡಿಸುವ ನೇಕಾರ, ತುತ್ತೂರಿಯಂಥ ಕಾರ್ನೆಟ್ ಊದುವ ರೈತ, ಬುಲ್‌ಬುಲ್ ತರಂಗದ ಸೈಕಲ್ ಅಂಗಡಿಯವನು, ಡ್ರಮ್ ಬಾರಿಸುವ ನಾನು. ನಾವು ಒಂದೇ ಹೈಸ್ಕೂಲಿನ ಒಂದೇ ಬೆಂಚಿನವರು. ಹದಿನೈದನೆಯ ವಯಸ್ಸಿನಲ್ಲಿ ಸೇರಿ ಒಂದು ಜಾಝ್ ಬ್ಯಾಂಡ್ ಕಟ್ಟಿದ್ದೆವು. ವಾದ್ಯಗಳ ಸಮೇತ ನಾಲ್ವರೂ ಒಂದು ಕಡೆ ಕೂತು ನಲವತ್ತೊಂದು ವರ್ಷಗಳಾಗಿದ್ದವು.

ನಮ್ಮನ್ನು ಕರೆಸಿದವನು ನೇಕಾರ. ಮೂವರಿಗೂ ಒಂದೇ ಒಕ್ಕಣೆಯ ಕಾರ್ಡು ಬರೆದಿದ್ದ. ‘ನನ್ನ ಕಿವಿ ಹೋಗಿರುವುದು ನಿಮಗೆ ಗೊತ್ತು. ಒಬ್ಬನೇ ಊದಿದರೆ ಸ್ವರ ಸರಿಯಾಗಿದೆ ಎಂದು ಮನೆಯವರು ಹೇಳುತ್ತಾರೆ. ಜೊತೆಯಲ್ಲಿ ಊದಲು ಆಗುತ್ತದೋ ಇಲ್ಲವೋ ಒಂದು ಸಲ ನೋಡಬೇಕು. ಆಗದಿದ್ದರೆ ಕ್ಲಾರಿನೆಟ್ಟನ್ನು ಓಲಗದವರಿಗೆ ಕೊಟ್ಟುಬಿಡುತ್ತೇನೆ. ಗುರುವಾರ ಒಂಬತ್ತರಿಂದ ಎರಡರ ತನಕ ಇಲ್ಲಿ ಕರೆಂಟ್ ಇರುವುದಿಲ್ಲ. ಆವತ್ತು ಬನ್ನಿ.’

ಅವನ ಕಿವಿಯನ್ನು ತೆಗೆದುಕೊಂಡದ್ದು ವಿದ್ಯುತ್ ಮಗ್ಗಗಳು. ಎಂಟು ಮಗ್ಗಗಳ ನಡುವೆ ಮೂವತ್ತು ವರ್ಷ ನಿಂತವನು. ಮೊದಲು ಹಕ್ಕಿಗಳ ದನಿ ಹೋಯಿತಂತೆ, ಆಮೇಲೆ ಹೆಂಗಸರ ಮಾತು, ಕೊನೆಗೆ ಎಲ್ಲವೂ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ. ಮಗ್ಗದ ಸದ್ದಿನಲ್ಲಿ ಕೆಲಸ ಮಾಡುವವರಿಗೆಲ್ಲ ಆ ವಿದ್ಯೆ ಬರುತ್ತದೆ. ಆದರೆ ವಾದ್ಯಕ್ಕೆ ತುಟಿಯಿಲ್ಲ. ಒಂಬತ್ತು ವರ್ಷಗಳ ಹಿಂದೆ ಒಂದು ಮದುವೆ ಮೆರವಣಿಗೆಯಲ್ಲಿ ಜೊತೆಯವರೆಲ್ಲ ಹಾಡು ಬದಲಾಯಿಸಿದ ಮೇಲೂ ಇವನು ಹಳೆಯದನ್ನೇ ಊದುತ್ತ ಬೀದಿಯ ತುದಿಯವರೆಗೆ ನಡೆದಿದ್ದ. ಹಿಂದೆ ಬರುತ್ತಿದ್ದವರು ನಗುತ್ತಿದ್ದುದನ್ನು ತಿರುಗಿ ನೋಡಿದಾಗಲೇ ತಿಳಿದದ್ದು. ಅಂದಿನಿಂದ ಯಾರ ಜೊತೆಗೂ ಕೂತವನಲ್ಲ.

ಆ ಕಾರ್ಡನ್ನು ನಾನು ಎರಡು ಸಲ ಓದಿ, ಡೈರಿಯಲ್ಲಿ ಗುರುವಾರದ ಪುಟಕ್ಕೆ ಸಿಕ್ಕಿಸಿದೆ. ರೈಲ್ವೆ ಗಾರ್ಡ್ ಕೆಲಸದಿಂದ ನಿವೃತ್ತನಾಗಿ ಬೆಂಗಳೂರಿನಲ್ಲಿ ನೆಲೆಸಿ ಎರಡು ತಿಂಗಳಾಗಿತ್ತು. ಮಾಡಲೇಬೇಕಾದ ಕೆಲಸವೆಂಬುದು ಡೈರಿಯಲ್ಲಿ ಮತ್ತೆ ಕಾಣಿಸಿಕೊಂಡಿತು.

ಈ ಬ್ಯಾಂಡಿನ ವಿಷಯವನ್ನು ಮೊದಲಿನಿಂದ ಹೇಳಬೇಕು. ಇಲ್ಲದಿದ್ದರೆ ಆ ಗುರುವಾರ ನಾವು ನುಡಿಸಿದ್ದು ಏನು ಎಂದು ಯಾರಿಗೂ ಅರ್ಥವಾಗದು.

ನಮ್ಮ ತಂದೆ ಸ್ಟೇಷನ್ ಮಾಸ್ತರರು. ೧೯೪೧ರಲ್ಲಿ ದೊಡ್ಡಬಳ್ಳಾಪುರಕ್ಕೆ ವರ್ಗವಾಗಿ ಬಂದೆವು. ಮನೆಯಲ್ಲಿ ಎಲ್ಲಕ್ಕೂ ಗಂಟೆಯಿತ್ತು. ನಾಲ್ಕೂವರೆಗೆ ಏಳುವುದು, ಐದಕ್ಕೆ ಬಾವಿ ಕಟ್ಟೆ, ಐದೂವರೆಯಿಂದ ಏಳರ ತನಕ ಪಾಠ, ಏಳೂಕಾಲಿಗೆ ರಾಗಿ ಗಂಜಿ. ಒಂದು ನಿಮಿಷ ತಡವಾಗಿ ಕೂತರೆ ತಂದೆ ಬಯ್ಯುತ್ತಿರಲಿಲ್ಲ. ಜೇಬಿನ ಗಡಿಯಾರ ತೆಗೆದು ತಟ್ಟೆಯ ಪಕ್ಕ ಇಡುತ್ತಿದ್ದರು. ಅದಕ್ಕಿಂತ ಬಯ್ಗುಳವೇ ಹಿತ. ಶಾಲೆಯ ಸ್ಕೌಟಿನಲ್ಲಿ ಡ್ರಮ್ ನನಗೆ ಕೊಟ್ಟದ್ದೂ ಈ ಶಿಸ್ತಿಗೇ. ಹುಡುಗರು ನನ್ನ ಹೊಡೆತಕ್ಕೆ ಹೆಜ್ಜೆ ಹಾಕಿದರೆ ಒಬ್ಬನ ಕಾಲೂ ತಪ್ಪುತ್ತಿರಲಿಲ್ಲ.

ನೇಕಾರ ಗೆಳೆಯ ಬೆಳಗ್ಗೆ ತಂದೆಯ ಕೈಮಗ್ಗಕ್ಕೆ ನೂಲು ಸುತ್ತಿಕೊಟ್ಟು ಶಾಲೆಗೆ ಬರುತ್ತಿದ್ದ. ಅವನ ಸೋದರಮಾವ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದವರು, ಅಳಿಯನಿಗೆ ಆರು ವರ್ಷಕ್ಕೇ ಕಲಿಸಿದ್ದರು. ರೈತ ಗೆಳೆಯ ನಲ್ಲೂರಿನ ಕಡೆಯವನು. ನಮ್ಮೂರಿನ ಅತ್ತೆಯ ಮನೆಯಲ್ಲಿದ್ದು ಓದುತ್ತಿದ್ದ. ಅವನ ಎದೆ ಎಷ್ಟು ಅಗಲವಿತ್ತೆಂದರೆ ಆ ಮದುವೆ ಬ್ಯಾಂಡಿನವರು ತಮ್ಮ ಒಂದು ಹಳೆಯ ಕಾರ್ನೆಟ್ಟನ್ನು, ಊದಿ ಊದಿ ಕಿಲುಬು ಬಿಡಿಸಲಿ ಎಂದೇ ಅವನ ಕೈಗೆ ಕೊಟ್ಟಿದ್ದರು. ಮೂರನೆಯವನ ತಂದೆಯದು ಸಂತೆ ಬೀದಿಯಲ್ಲಿ ಸೈಕಲ್ ಅಂಗಡಿ. ಅವನು ಗುಂಡಿಗಳನ್ನು ಒತ್ತಿ ತಂತಿ ಮೀಟುವ ಬುಲ್‌ಬುಲ್ ತರಂಗ ನುಡಿಸುತ್ತಿದ್ದ.

೧೯೪೪ರ ಫೆಬ್ರವರಿ, ಎರಡನೆಯ ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಸೈಕಲ್ ಅಂಗಡಿಯವನು ನಮ್ಮನ್ನು ಹಿಂಬಾಗಿಲಿನಿಂದ ಒಳಗೆ ಕರೆದುಕೊಂಡ. ಮೇಜಿನ ಮೇಲೆ ಹಸಿರು ಬಣ್ಣದ ಒಂದು ಗ್ರಾಮಫೋನು ಇತ್ತು. ಯುದ್ಧದ ಕಾಲ, ಯಲಹಂಕದ ಕಡೆ ವಿಮಾನಗಳ ನೆಲೆಯಾಗಿತ್ತು. ಅಲ್ಲಿಂದ ಲಾರಿಯಲ್ಲಿ ಬಂದ ಒಬ್ಬ ಅಮೆರಿಕದ ಸಿಪಾಯಿ ಅದನ್ನು ರಿಪೇರಿಗೆ ಬಿಟ್ಟುಹೋಗಿದ್ದ. ಒಳಗೊಂದು ಹಾಡಿನ ತಟ್ಟೆಯೂ ಇತ್ತು. ಹಾಡಿನ ಹೆಸರು ಉಜ್ಜಿಹೋಗಿ, ‘ಜಾಝ್ ಬ್ಯಾಂಡ್’ ಎಂಬುದಷ್ಟೇ ಓದಲು ಸಿಗುತ್ತಿತ್ತು. ಹೊಸ ಸ್ಪ್ರಿಂಗ್ ಹುಡುಕಲು ಅಂಗಡಿಯ ಯಜಮಾನರು ಬೆಂಗಳೂರಿಗೆ ಹೋಗಿದ್ದರು.

“ನಿಮ್ ತಂದೆ ಮುಟ್ಬೇಡ ಅಂತ ಹೇಳಿ ಹೋಗಿರ್ತಾರೆ,” ಎಂದೆ ನಾನು.

“ಮುಟ್ಬೇಡ ಅಂದವ್ರೆ. ಕೇಳ್ಬೇಡ ಅಂದಿಲ್ಲ,” ಎಂದು ಅವನು ಕೀ ತಿರುಗಿಸಿದ.

“ಇವ್ನು ಸ್ಟೇಷನ್ ಮಾಸ್ತರ್ ಮಗ ಕಣ್ಲಾ,” ಎಂದ ರೈತ. “ಹಾಡ್ ಕೇಳಕ್ಕೂ ಟಿಕೀಟು ಕೇಳ್ತಾನೆ.”

ಮುಳ್ಳು ತಟ್ಟೆಗೆ ತಾಗಿತು. ಎಣ್ಣೆಯಲ್ಲಿ ಒಗ್ಗರಣೆ ಸಿಡಿದ ಹಾಗೆ ಸ್ವಲ್ಪ ಹೊತ್ತು. ಆಮೇಲೆ ಬಂದದ್ದನ್ನು ಏನೆಂದು ಬರೆಯಲಿ. ನಮಗೆ ಗೊತ್ತಿದ್ದ ಸಂಗೀತದಲ್ಲಿ ಒಬ್ಬರು ಮುಂದೆ, ಉಳಿದವರು ಹಿಂದೆ. ಇಲ್ಲಿ ಕಾರ್ನೆಟ್ ಒಂದು ಹೇಳುತ್ತಿದೆ, ಕ್ಲಾರಿನೆಟ್ ಅದರ ನೆತ್ತಿಯ ಮೇಲೆ ಹಾರುತ್ತ ಬೇರೆಯದೇ ಹೇಳುತ್ತಿದೆ, ಕೆಳಗೆ ನಾವು ಕಂಡರಿಯದ ಇನ್ನೊಂದು ತುತ್ತೂರಿ ಹಸುವಿನ ಹಾಗೆ ಕೂಗಿ ಇಬ್ಬರನ್ನೂ ಕರೆಯುತ್ತಿದೆ. ಮೂವರೂ ಒಂದೇ ಸಲ ಮಾತಾಡುತ್ತಾರೆ, ಯಾರ ಮಾತೂ ಇನ್ನೊಬ್ಬರ ಮಾತನ್ನು ತುಳಿಯುವುದಿಲ್ಲ. ನನ್ನ ತೋಳಿನ ಕೂದಲು ಎದ್ದು ನಿಂತಿತು. ಲೋಕದಲ್ಲಿ ಇಂಥದ್ದೊಂದು ಇದ್ದೂ ಇಷ್ಟು ದಿನ ನಮಗೆ ಯಾರೂ ಹೇಳಲಿಲ್ಲವಲ್ಲ ಎಂದು ನನಗೆ ಅನ್ನಿಸಿದ್ದು ನೆನಪಿದೆ.

ತಟ್ಟೆ ಮುಗಿಯುತ್ತ ಬಂದಾಗ ಎಲ್ಲವೂ ಮೆಲ್ಲಮೆಲ್ಲನೆ ನಿಧಾನವಾಯಿತು. ವಾದ್ಯಗಳೆಲ್ಲ ಒಟ್ಟಿಗೆ ತಗ್ಗಿದವು, ಭಾರವಾದವು, ಸ್ವರ ಕೆಳಕ್ಕೆ ಇಳಿಯುತ್ತ ಇಳಿಯುತ್ತ ಗಂಟಲೊಳಗೆ ಹೋಗಿ ನಿಂತಿತು.

“ಇದೇನ್ಲಾ, ಕೊನೇಲಿ ಹಿಂಗೆ?” ಎಂದ ರೈತ.

ನೇಕಾರ ಕಣ್ಣು ತೆರೆಯದೆ ಹೇಳಿದ. “ಸೆರಗು ಬಂತು.”

ಅವನಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಸೀರೆಯ ಒಡಲನ್ನು ನೇಯುವಾಗ ಲಾಳಿ ಸರಸರ ಓಡುತ್ತದೆ. ಸೆರಗಿಗೆ ಬಂದಾಗ ಬಣ್ಣ ಬದಲಾಯಿಸಬೇಕು, ಎಳೆ ಎಣಿಸಬೇಕು, ಕೈ ನಿಧಾನವಾಗುತ್ತದೆ, ಆ ಹೊತ್ತಿನಲ್ಲಿ ಅವನ ತಂದೆ ಯಾರ ಜೊತೆಗೂ ಮಾತಾಡುವುದಿಲ್ಲ. ಚೆನ್ನಾಗಿ ಕೆಲಸ ಬಲ್ಲವರು ಯಾವುದನ್ನೇ ಮಾಡಿದರೂ ಕೊನೆಯಲ್ಲಿ ಹಾಗೆಯೇ ಮಾಡುತ್ತಾರೆ ಎಂದು ವಿವರಿಸಿದ. ನಮಗೆ ಒಪ್ಪಿಗೆಯಾಯಿತು. ಸ್ಪ್ರಿಂಗ್ ಸಡಿಲವಾಗಿದ್ದಕ್ಕೇ ಆ ಪೆಟ್ಟಿಗೆ ರಿಪೇರಿಗೆ ಬಂದಿತ್ತೆಂಬುದು, ಪೆಟ್ಟಿಗೆಯ ಮುಂದೆಯೇ ಕೂತಿದ್ದ ನಾಲ್ವರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಮುಂದಿನ ಭಾನುವಾರ ಅವನು ಚೌಕುಳಿ ಹಾಳೆ ತಂದ. ಸೀರೆಯ ಅಂಚಿಗೆ ಹೂವು, ಹಂಸ ಬರೆದು ಎಳೆ ಲೆಕ್ಕ ಹಾಕುವ, ಚೌಕ ಚೌಕ ಮನೆಗಳ ಹಾಳೆ. ತಟ್ಟೆಯನ್ನು ಮತ್ತೆ ಮತ್ತೆ ಹಾಕಿಸಿ ಒಂದೊಂದು ಹೊಡೆತಕ್ಕೆ ಒಂದೊಂದು ಮನೆಯಂತೆ ತುಂಬುತ್ತ ಹೋದ. ಕಾರ್ನೆಟ್ಟಿಗೆ ಕೆಂಪು, ಕ್ಲಾರಿನೆಟ್ಟಿಗೆ ಹಸಿರು, ಹಸುವಿನ ಹಾಗೆ ಕೂಗಿದ್ದ ತುತ್ತೂರಿಯ ಭಾಗ ನುಡಿಸಬೇಕಾದ ಬುಲ್‌ಬುಲ್‌ಗೆ ಹಳದಿ, ನನಗೆ ಕಪ್ಪು. ಸ್ವರ ಏರಿದರೆ ಬಣ್ಣ ಮೇಲಿನ ಸಾಲಿಗೆ, ಇಳಿದರೆ ಕೆಳಗಿನ ಸಾಲಿಗೆ. ಕೊನೆಯ ಭಾಗದಲ್ಲಿ ಒಂದು ಹೊಡೆತಕ್ಕೆ ಎರಡು ಮನೆ, ಆಮೇಲೆ ಮೂರು, ಆಮೇಲೆ ಐದು. ಸಂಜೆ ಆರು ಗಂಟೆಗೆ ಹಾಳೆಯನ್ನು ಗೋಡೆಗೆ ಒರಗಿಸಿ ದೂರದಿಂದ ನೋಡಿದೆವು. ಕೇಳಿದ್ದು ಕಣ್ಣಿಗೆ ಕಾಣುತ್ತಿತ್ತು: ಕೆಂಪಿನ ಮೇಲೆ ಹಸಿರು ಬಳ್ಳಿಯ ಹಾಗೆ ಹತ್ತಿ, ಹೆಣೆದು, ಕೊನೆಯಲ್ಲಿ ಎಲ್ಲವೂ ಹರಡಿ ಕೆಳಗಿಳಿದಿತ್ತು. ಲೆಕ್ಕದಲ್ಲಿ ನೂರಕ್ಕೆ ಮೂವತ್ತು ತೆಗೆಯುತ್ತಿದ್ದ ಹುಡುಗ. ಅವನ ಕಡೆ ನೋಡಲು ನನಗೆ ಅಂದು ಒಂದು ಬಗೆಯ ಭಯವಾಯಿತು.

ಹೊಸ ಸ್ಪ್ರಿಂಗ್ ಹಾಕಿದ ದಿನವೇ, ನಾವು ಮತ್ತೆ ತಟ್ಟೆ ಕೇಳುವ ಮೊದಲೇ, ಸಿಪಾಯಿ ಪೆಟ್ಟಿಗೆ ತೆಗೆದುಕೊಳ್ಳಲು ಬಂದ. ಅಷ್ಟರಲ್ಲಿ ಒಡಲಿನ ಭಾಗ ನಮ್ಮ ಕೈಗೆ ಹತ್ತಿತ್ತು. ಎತ್ತರದ ಕಪ್ಪು ಮನುಷ್ಯ, ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬಂದ. ಸೈಕಲ್ ಅಂಗಡಿಯವನು ನಮ್ಮ ಕಡೆ ಕೈ ತೋರಿಸಿ ತನ್ನ ಹೈಸ್ಕೂಲ್ ಇಂಗ್ಲಿಷಿನಲ್ಲಿ ಏನೋ ಹೇಳಿದ. ನಾವು ಶುರು ಮಾಡಿದೆವು. ಆತ ಮೊದಲು ನಕ್ಕ. ಆಮೇಲೆ ನಗು ನಿಂತಿತು, ಟೋಪಿ ತೆಗೆದ, ಟೈರುಗಳ ರಾಶಿಯ ಮೇಲೆ ಕೂತು ಚಪ್ಪಾಳೆ ತಟ್ಟತೊಡಗಿದ. ಆದರೆ ನನ್ನ ಹೊಡೆತಕ್ಕೆ ಸರಿಯಾಗಿ ಅಲ್ಲ. ನಾನು ಒಂದಕ್ಕೆ ಹೊಡೆದರೆ ಆತ ಎರಡಕ್ಕೆ ತಟ್ಟುತ್ತಾನೆ. ಮೂರಕ್ಕೆ ಹೊಡೆದರೆ ನಾಲ್ಕಕ್ಕೆ. ಈ ಮನುಷ್ಯನಿಗೆ ತಾಳ ಬರುವುದಿಲ್ಲವೆಂದುಕೊಂಡೆ. ಆತ ನನ್ನನ್ನೇ ನೋಡುತ್ತ, ಬಿಡದೆ, ನಾನು ಖಾಲಿ ಬಿಟ್ಟ ಜಾಗದಲ್ಲೇ ತಟ್ಟಿದ. ಕೊನೆಗೆ ನನ್ನ ಕೈ ತಾನಾಗಿ ಅತ್ತ ಹೊರಳಿತು. ಆ ಕ್ಷಣ ಇಡೀ ಅಂಗಡಿ ಒಂದು ಕಡೆಗೆ ವಾಲಿ ಮತ್ತೆ ನೆಟ್ಟಗಾದಂತೆ ಆಯಿತು. ನಮ್ಮ ಕಾಲುಗಳು ನಮ್ಮನ್ನು ಕೇಳದೆ ಕುಣಿದವು. ಹದಿನೈದು ವರ್ಷ ಗಡಿಯಾರದ ಟಿಕ್ಕನ್ನೇ ಕೇಳಿ ಬೆಳೆದ ನನಗೆ, ಎರಡು ಟಿಕ್ಕುಗಳ ನಡುವೆಯೂ ಜಾಗವಿದೆ ಎಂದು ಗೊತ್ತಾದದ್ದು ಅಂದು.

ನಾವು ಸೆರಗಿಗೆ ಬರುವ ಮೊದಲೇ ಹೊರಗೆ ಲಾರಿಯ ಹಾರನ್ ಆಯಿತು. ಆತ ನಾಲ್ವರ ಕೈ ಕುಲುಕಿ, ಪೆಟ್ಟಿಗೆ ಎತ್ತಿಕೊಂಡು ಓಡಿದ. ಇನ್ನೊಂದು ನಿಮಿಷ ನಿಂತಿದ್ದರೆ ನಮ್ಮ ತಪ್ಪು ಅಂದೇ ಬಯಲಾಗುತ್ತಿತ್ತು.

ಹೀಗೆ ಆ ಒಂದೇ ಹಾಡನ್ನು ಎರಡು ವರ್ಷ ನುಡಿಸಿದೆವು. ಶನಿವಾರ ನಾಲ್ಕರಿಂದ ಐದೂವರೆ, ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ, ಗಾಡಿ ಇಲ್ಲದ ಹೊತ್ತು ನೋಡಿ. ಹಾಜರಿ ನಾನು ಹಾಕುತ್ತಿದ್ದೆ. ಸೆರಗಿನಲ್ಲಿ ಸ್ವರ ಇಳಿಸಲು ಊದುವವರಿಬ್ಬರೂ ತುಟಿ ಸಡಿಲಿಸುತ್ತಿದ್ದರು. ಬುಲ್‌ಬುಲ್ ತರಂಗದಲ್ಲಿ ಅದಾಗದು. ಅದಕ್ಕೆ ಅವನು ಬಲಗೈಯಲ್ಲಿ ಮೀಟುತ್ತ ಎಡಗೈಯಲ್ಲಿ ತಂತಿಯ ಬಿರಟೆಯನ್ನೇ ತಿರುಗಿಸಿ ಸಡಿಲಿಸುತ್ತಿದ್ದ. ಪ್ರತಿ ಸಲ ಹಾಡು ಮುಗಿದ ಮೇಲೆ ಕಾಲು ಗಂಟೆ ಶ್ರುತಿ ಮಾಡಬೇಕಾಗುತ್ತಿತ್ತು.

ಜನರ ಮುಂದೆ ನುಡಿಸಿದ್ದು ಒಂದೇ ಸಲ. ೧೯೪೫ರ ಮಾರ್ಚ್, ಹುಣಸೆ ಉದುರಿಸುವ ಕಾಲ. ರೈತನ ಮನೆಯವರು ಕರೆದರೆಂದು ಎರಡು ಸೈಕಲ್ಲಿನಲ್ಲಿ ನಾಲ್ವರು ನಲ್ಲೂರಿಗೆ ಹೋದೆವು. ತೋಪಿನ ಹುಣಸೆ ಮರಗಳು ನಾಲ್ಕು ಜನ ಕೈ ಹಿಡಿದು ನಿಂತರೂ ತಬ್ಬಿಗೆ ಸಿಗುವಂಥವಲ್ಲ. ಒಂದು ಮರದ ಪೊಟರೆಯೊಳಗೆ ನನ್ನ ಡ್ರಮ್ಮೂ ನಾನೂ ಹಿಡಿಸಿದೆವು. ಅಲ್ಲಿ ಹೊಡೆದ ಏಟು ಮರದೊಳಗೆಲ್ಲ ಓಡಾಡಿ ಹೊರಗೆ ಬರುತ್ತಿತ್ತು. ಮೊದಲ ಸ್ವರಕ್ಕೆ ಮರದ ಮೇಲಿನವರು ಕೊಂಬೆ ಅಲುಗಿಸುವುದನ್ನು ನಿಲ್ಲಿಸಿದರು. ಕೆಳಗೆ ಹಣ್ಣು ಆಯುತ್ತಿದ್ದ ಒಬ್ಬ ಅಜ್ಜಿ ಕುಕ್ಕೆ ಇಳಿಸಿ ಹತ್ತಿರ ಬಂದಳು.

“ಯಾರ್ದಪ್ಪಾ ಮದ್ವೆ?”

“ಯಾರ್ದೂ ಇಲ್ಲ ಅಜ್ಜಿ. ಸುಮ್ನೆ,” ಎಂದ ರೈತ, ಉಸಿರು ತೆಗೆದುಕೊಳ್ಳುವ ನಡುವೆ.

“ಸುಮ್ನೆ ಯಾರಾನಾ ಹಿಂಗೆ ಬಡ್ಕತಾರಾ?”

ಆದರೂ ಹೋಗಲಿಲ್ಲ. ಸೆರಗು ಬಂತು. ನಾಲ್ವರೂ ಒಟ್ಟಿಗೆ ತಗ್ಗಿದೆವು, ಒಟ್ಟಿಗೆ ಇಳಿದೆವು, ಒಟ್ಟಿಗೆ ನಿಂತೆವು. ತೋಪಿನಲ್ಲಿ ಒಂದು ಎಲೆಯ ಸದ್ದೂ ಇರಲಿಲ್ಲ. ಅಜ್ಜಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, “ಯಾಕ್ ಮಕ್ಳಾ, ಉಸ್ರು ಹೋಯ್ತಾ?” ಎಂದು ಕೇಳಿ, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಯಾಕೆ ಒರೆಸಿಕೊಂಡಳೋ ನಮಗೆ ತಿಳಿಯಲಿಲ್ಲ.

ಮರುವರ್ಷ ಎಸ್ಸೆಸ್ಸೆಲ್ಸಿ ಮುಗಿಯಿತು. ನೇಕಾರನ ತಂದೆಗೆ ಉಬ್ಬಸ ಬಂದು ಮಗ ಮಗ್ಗಕ್ಕೆ ಇಳಿದ. ರೈತ ಊರಿಗೆ ಹೋದ. ನಾನು ರೈಲ್ವೆ ಸೇರಿದೆ. ಸೈಕಲ್ ಅಂಗಡಿಯವನು ಅಂಗಡಿಯಲ್ಲೇ ಉಳಿದ. ಜಗಳವಿಲ್ಲದೆ, ಒಂದು ಮಾತೂ ಆಡದೆ ಬ್ಯಾಂಡು ನಿಂತಿತು. ಮದುವೆ, ಸಾವುಗಳಲ್ಲಿ ಇಬ್ಬರೋ ಮೂವರೋ ಸೇರುತ್ತಿದ್ದೆವು, ವಾದ್ಯಗಳು ಸೇರಲಿಲ್ಲ.

ಸೇವೆಗೆ ಸೇರಿ ಹತ್ತು ವರ್ಷವಾದ ಮೇಲೆ ಒಂದು ಜಂಕ್ಷನ್ನಿನಲ್ಲಿ, ನೌಕರರ ಕ್ಲಬ್ಬಿನ ರೇಡಿಯೋಗ್ರಾಂನಲ್ಲಿ ಆ ಹಾಡು ಬಂತು. ನಾನು ಚಹಾ ಲೋಟ ಕೆಳಗಿಟ್ಟು ಎದ್ದು ನಿಂತೆ. ಕೊನೆಯವರೆಗೂ ಅದೇ ವೇಗ. ಓಡುತ್ತ ಬಂದು ಗೋಡೆಗೆ ಕೈ ತಾಗಿಸಿ ನಿಲ್ಲುವ ಹುಡುಗನ ಹಾಗೆ ತಟ್ಟನೆ ಮುಗಿಯಿತು. ಸೆರಗೇ ಇರಲಿಲ್ಲ. ಸಡಿಲ ಸ್ಪ್ರಿಂಗಿನ ವಿಷಯ ಆಗ ನನಗೆ ಹೊಳೆಯಿತು. ಅಂದೇ ನೇಕಾರನಿಗೆ ಕಾರ್ಡು ಬರೆದೆ. ಅವನ ಉತ್ತರ ಒಂದೇ ಸಾಲು: ‘ಅವರಿಗೆ ಸೆರಗು ನೇಯಲು ಬರುವುದಿಲ್ಲ ಎಂದು ಕಾಣುತ್ತದೆ.’

ಇನ್ನು ಗುರುವಾರದ ವಿಷಯ.

ಎಂಟು ಮಗ್ಗಗಳು ಸುಮ್ಮನೆ ನಿಂತಿದ್ದವು. ಅವುಗಳ ನಡುವಿನ ಓಣಿಯಲ್ಲಿ ಅವನು ಒಂದು ಉದ್ದನೆಯ ಹಲಗೆ ಹಾಸಿದ್ದ. ಹಲಗೆಯ ಒಂದು ತುದಿಯಲ್ಲಿ ನನಗೆ ಕುರ್ಚಿ, ಇನ್ನೊಂದರಲ್ಲಿ ಅವನ ಸ್ಟೂಲು. ಅವನು ಚಪ್ಪಲಿ ಬಿಟ್ಟು ಬರಿಗಾಲನ್ನು ಹಲಗೆಯ ಮೇಲಿಟ್ಟ.

“ನೀನು ಡ್ರಮ್ ಹೊಡಿಯೋವಾಗ ಹಿಮ್ಮಡೀಲಿ ಹಲ್ಗೆನೂ ಹೊಡಿ. ನಂಗೆ ಕಾಲಲ್ಲಿ ಗೊತ್ತಾಗ್ತದೆ. ಮಗ್ಗದ ಎಳೆ ಹರಿದ್ರೂ ನಾನು ಕಾಲಲ್ಲೇ ತಿಳ್ಕಳದು,” ಎಂದ. ತನ್ನ ಸ್ವರ ತನಗೆ ಹಲ್ಲಿನಲ್ಲಿ ತಿಳಿಯುತ್ತದಂತೆ. ಕ್ಲಾರಿನೆಟ್ಟಿನ ಬಾಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿರುವುದರಿಂದ ಒಂದೊಂದು ಸ್ವರಕ್ಕೆ ಒಂದೊಂದು ಬಗೆಯ ನಡುಕವಂತೆ.

“ನನ್ ಹಲ್ಲು ಡಾಕ್ಟ್ರು ಕಟ್ಟಿದ್ದು,” ಎಂದ ರೈತ, ಅವನಿಗೆ ಕಾಣುವಂತೆ ಬಾಯಿ ಅಗಲಿಸಿ. “ಜೋರಾಗಿ ಊದಿದ್ರೆ ನಿನ್ ಮಡ್ಲಿಗೆ ಬಂದ್ ಬೀಳ್ತವೆ. ಎತ್ತಿ ಕೊಡು, ಅಷ್ಟೇ.”

ಗೋಡೆಗೆ ಹೊಸ ಚೌಕುಳಿ ಹಾಳೆ ಅಂಟಿಸಿದ್ದ. ಹಳೆಯದು ಗೆದ್ದಲು ತಿಂದು ಎಷ್ಟೋ ವರ್ಷವಾಗಿತ್ತು; ಇದನ್ನು ನೆನಪಿನಿಂದ ಬರೆದಿದ್ದ. ನಾನು ಮನೆ ಎಣಿಸಿ ನೋಡಿದೆ. ನನ್ನ ಕಪ್ಪು ಸಾಲಿನಲ್ಲಿ ಸಿಪಾಯಿ ಕಲಿಸಿದ ಜಾಗಗಳೆಲ್ಲ ಅವೇ ಇದ್ದವು.

ಒಂಬತ್ತೂ ಮೂವತ್ತೈದಕ್ಕೆ ಶುರು ಮಾಡಿದೆವು. ಕೆಟ್ಟುಹೋಯಿತು. ಅವನು ಒಂದು ಮನೆ ಹಿಂದೆ ಬಿದ್ದಂತೆ ಕಂಡಿತು, ನಾವು ಕಾದೆವು. ಅವನು ಮುಂದೆ ಹೋದ, ನಾವು ಓಡಿದೆವು. ಎರಡು ನಿಮಿಷದಲ್ಲಿ ನಾಲ್ವರೂ ನಾಲ್ಕು ಬೀದಿಯಲ್ಲಿದ್ದೆವು. ಎರಡನೆಯ ಸಲವೂ ಹಾಗೆಯೇ. ಆಮೇಲೆ ಎಷ್ಟು ಸಲ ಹಿಡಿದರೂ ಹಾಗೆಯೇ. ಹನ್ನೆರಡೂವರೆಗೆ ಅವನು ಕ್ಲಾರಿನೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡ. ಅದರ ಪೆಟ್ಟಿಗೆ ಪಕ್ಕದಲ್ಲೇ ಬಾಯಿ ತೆರೆದುಕೊಂಡಿತ್ತು. ನಾನು ಅದರ ಕಡೆ ನೋಡದಿರಲು ಪ್ರಯತ್ನಿಸಿದೆ.

ಆಮೇಲೆ ಅವನು ನನ್ನ ಕಡೆ ತಿರುಗಿ ಹೇಳಿದ. “ಹಲ್ಗೆ ಸುಳ್ಳು ಹೇಳ್ತಾ ಐತೆ ಕಣೋ.”

“ಏನು ಸುಳ್ಳು?”

“ನನಗೋಸ್ಕರ ಕಾಯ್ತಾ ಇದೀರ ಮೂರೂ ಜನ. ನಿನ್ ಕಾಲು ಒಂದ್ಸಲ ತಡ ಮಾಡ್ತದೆ, ಒಂದ್ಸಲ ಓಡ್ತದೆ. ನನ್ ಕಿವಿ ಹೋಯ್ತು ಅಂತ ನಿನ್ ಕಾಲೂ ಹೋಗ್ಬೇಕಾ? ಮಗ್ಗ ಯಾವತ್ತಾದ್ರೂ ನನ್ನ ಕಾಯ್ತಾ? ಕಾದಿದ್ರೆ ಒಂದು ಸೀರೆನೂ ನೇಯ್ತಿರಲಿಲ್ಲ. ನೀನು ಸ್ಟೇಷನ್ ಮಾಸ್ತರ್ ಮಗ ಆಗಿ ಹೊಡಿಯಪ್ಪಾ ಒಂದ್ಸಲ.”

ನನ್ನ ಮುಖ ಕಾದುಬಿಟ್ಟಿತು. ಮೂವತ್ತೊಂಬತ್ತು ವರ್ಷ ಯಾವ ಮಂತ್ರಿಗೂ ಗಾಡಿ ನಿಲ್ಲಿಸದವನು ನಾನು. ಪ್ರೀತಿಯಿಂದ ಮಾಡಿದೆವೆಂದುಕೊಂಡದ್ದು ಅವನ ಕಾಲ ಕೆಳಗಿನ ನೆಲವನ್ನೇ ಎಳೆದಿತ್ತು.

ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿ, ಹಿಮ್ಮಡಿ ಊರಿದೆ. ಈ ಸಲ ಯಾರಿಗೂ ಕಾಯಲಿಲ್ಲ. ಅವನು ಬರಲಿ, ಬಿಡಲಿ, ಹಲಗೆಯ ಏಟು ಅದರ ಜಾಗದಲ್ಲಿ. ಎಂಟು ಮನೆ ಕಳೆಯಿತು, ಹದಿನಾರು ಕಳೆಯಿತು. ಕ್ಲಾರಿನೆಟ್ ಕಾರ್ನೆಟ್ಟಿನ ನೆತ್ತಿಗೆ ಹತ್ತಿತು, ಅಲ್ಲಿಂದ ಹಾರಿತು. ಅವನು ಹಾಳೆ ನೋಡುತ್ತಿರಲಿಲ್ಲ. ರೈತನ ಕೆನ್ನೆ ಉಬ್ಬುವುದನ್ನೂ ಬುಲ್‌ಬುಲ್‌ನವನ ಬೆರಳನ್ನೂ ನೋಡುತ್ತ, ಕಾಲಿನಲ್ಲಿ ನನ್ನನ್ನು ಕೇಳುತ್ತ, ಮೂರು ಕಡೆಯಿಂದ ಮೂರು ಎಳೆ ತೆಗೆದುಕೊಂಡು ತನ್ನದನ್ನು ನಡುವೆ ಹಾಯಿಸುತ್ತಿದ್ದ. ಹದಿನೈದನೆಯ ವಯಸ್ಸಿನಲ್ಲಿ ಅಂಗಡಿಯ ಹಿಂದೆ ಎದ್ದು ನಿಂತಿದ್ದ ತೋಳಿನ ಕೂದಲು ಐವತ್ತೆಂಟಕ್ಕೆ ಮತ್ತೆ ಎದ್ದಿತು. ಈ ಸಲ ಅವು ಬೆಳ್ಳಗಿದ್ದವು.

ಸೆರಗಿಗೆ ಎಂಟು ಮನೆ ಇರುವಾಗ ನಾನು ಕೈ ಎತ್ತಿ ನಿಲ್ಲಿಸಿದೆ.

“ಇಲ್ಲಿಗೆ ಸಾಕು,” ಎಂದೆ. “ನಿಜವಾದ ತಟ್ಟೆಯಲ್ಲಿ ಇರೋ ಹಾಗೆ ಇಲ್ಲೇ ಮುಗಿಸೋಣ.” ನನ್ನ ಯೋಚನೆ ಸರಳವಾಗಿತ್ತು. ಒಂದೇ ವೇಗದ ಏಟನ್ನು ಕಾಲು ಹಿಡಿಯಬಲ್ಲದು. ನಿಧಾನವಾಗುತ್ತ ಹೋಗುವ ಏಟು ಮುಂದೆ ಎಲ್ಲಿ ಬೀಳುತ್ತದೆಂದು ಕಾಲಿಗೆ ಗೊತ್ತಾಗದು. ಅದು ಕಿವಿಯ ಕೆಲಸ. ಗೆದ್ದಿರುವಾಗಲೇ ನಿಲ್ಲಿಸಿಬಿಡುವುದು ಒಳ್ಳೆಯದು.

“ಸೆರಗಿಲ್ದಿರೋ ಸೀರೆನ ಯಾರಿಗೆ ಉಡಿಸ್ತೀಯೋ?” ಎಂದ ಅವನು. “ಅಲ್ಲಿ ತನಕ ನೀನು ಮುಂದೆ. ಅಲ್ಲಿಂದ ನಾನು ಮುಂದೆ. ನನ್ ಭುಜ ನೋಡ್ಕೊಂಡು ಬನ್ನಿ.”

ಒಂದೂ ಇಪ್ಪತ್ತಕ್ಕೆ ಮೊದಲಿನಿಂದ ಹಿಡಿದೆವು. ಸೆರಗಿನ ಅಂಚಿನಲ್ಲಿ ನಾನು ಹಲಗೆಯಿಂದ ಕಾಲು ತೆಗೆದೆ. ಅವನ ಭುಜ ಮೇಲೆದ್ದಿತು, ಇಳಿಯಿತು. ಅಲ್ಲಿ ನನ್ನ ಏಟು. ಮತ್ತೆ ಎದ್ದಿತು, ಇನ್ನೂ ನಿಧಾನವಾಗಿ ಇಳಿಯಿತು. ಬುಲ್‌ಬುಲ್‌ನವನ ಎಡಗೈ ಬಿರಟೆಗೆ ಹೋಯಿತು. ಸ್ವರ ತಗ್ಗಿತು, ಭಾರವಾಯಿತು. ಏನನ್ನೂ ಕೇಳಲಾರದವನು ಮುಂದೆ ನಡೆಯುತ್ತಿದ್ದ, ಕಿವಿಯಿದ್ದ ಮೂವರು ಅವನ ಹಿಂದೆ ಹೋಗುತ್ತಿದ್ದೆವು. ಭುಜ ಕೊನೆಯ ಸಲ ಇಳಿಯಿತು. ಶೆಡ್ಡಿನಲ್ಲಿ ಸದ್ದು ನಿಂತಿತು.

ಅವನಿಗೆ ನಿಂತದ್ದು ತಿಳಿಯುವಂತಿರಲಿಲ್ಲ. ನಮ್ಮ ಮುಖಗಳನ್ನು ನೋಡಿದ. ನಾನು ತಲೆಯಾಡಿಸಿದೆ. ಅವನು ಒಪ್ಪಲಿಲ್ಲ. ರೈತ ಎರಡೂ ಕೈ ಎತ್ತಿದ. ಅದನ್ನೂ ಒಪ್ಪಲಿಲ್ಲ. ಯಾರನ್ನೂ ಹೊಗಳಿ ಗೊತ್ತಿಲ್ಲದ ಸೈಕಲ್ ಅಂಗಡಿಯವನ ಕಡೆ ತಿರುಗಿದ.

“ನೀನ್ ಹೇಳು. ಒಟ್ಟಿಗೆ ನಿಲ್ತಾ?”

“ಇಲ್ಲ,” ಎಂದ ಅವನು, ತುಟಿ ಚೆನ್ನಾಗಿ ಕಾಣುವಂತೆ. “ನೀವು ಮೂರು ಜನ ಒಟ್ಟಿಗೆ ನಿಂತ್ರಿ. ನಂದು ಒಂದು ಮೀಟು ಜಾಸ್ತಿ ಆಯ್ತು. ಎರಡು ಕಿವಿ ಇಟ್ಕೊಂಡು.”

ನೇಕಾರ ಅವನ ತುಟಿಯನ್ನೇ ನೋಡುತ್ತಿದ್ದ. ಆ ಮಾತನ್ನು ನಂಬಿದ. ಮುಖವನ್ನು ಹೆಗಲ ಟವೆಲಿನಲ್ಲಿ ಒರೆಸಿಕೊಂಡು, “ಮೊದಲಿಂದಾನೂ ನಿಂದು ಅದೇ ರೋಗ,” ಎಂದ.

ಎರಡು ಗಂಟೆಗೆ ಕರೆಂಟ್ ಬಂತು. ಯಾರೋ ಸ್ವಿಚ್ ಆರಿಸದೆ ಬಿಟ್ಟಿದ್ದ ಒಂದು ಮಗ್ಗ ಧಡಾರನೆ ಓಡತೊಡಗಿ ನಾವು ಮೂವರು ಬೆಚ್ಚಿಬಿದ್ದೆವು. ಅವನು ನೆಲದಿಂದಲೇ ತಿಳಿದು ಎದ್ದುಹೋಗಿ ಅದನ್ನು ನಿಲ್ಲಿಸಿ ಬಂದ. ಊಟ ಮುಗಿಸಿದ ಮೇಲೆ ಕ್ಲಾರಿನೆಟ್ಟನ್ನು ಬಿಚ್ಚಿ, ಬಟ್ಟೆಯಿಂದ ಒಳಗೆಲ್ಲ ಒರೆಸಿ, ಪೆಟ್ಟಿಗೆಯಲ್ಲಿಟ್ಟು ನನ್ನ ಕೈಗೆ ಕೊಟ್ಟ.

“ಕೆಳಗಿನ ಎರಡು ಕೀಲೀಲಿ ಗಾಳಿ ಹೋಗ್ತಾ ಐತೆ. ಬೆಂಗಳೂರಲ್ಲಿ ರಿಪೇರಿಗೆ ಕೊಡು. ಮುಂದಿನ ತಿಂಗಳು ಕರೆಂಟ್ ತೆಗೆಯೋ ದಿನ ಗೊತ್ತಾದ್ರೆ ಕಾರ್ಡ್ ಹಾಕ್ತೀನಿ.”

ಓಲಗದವರ ಮಾತು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಡ್ರಮ್ಮನ್ನು ಶೆಡ್ಡಿನಲ್ಲೇ ಬಿಟ್ಟು ನಾಲ್ಕೂ ನಲವತ್ತರ ಬಸ್ಸಿಗೆ ಹೊರಟೆ. ಸೀಟು ಸಿಕ್ಕಿತು, ಆದರೆ ಪೆಟ್ಟಿಗೆಯನ್ನು ಮೇಲಿನ ಕಂಬಿಗೆ ಹಾಕಲು ಮನಸ್ಸು ಬರದೆ ತೊಡೆಯ ಮೇಲೆ ಇಟ್ಟುಕೊಂಡೆ. ವಾದ್ಯ ರಿಪೇರಿಯ ಅಂಗಡಿ ಏಳಕ್ಕೆ ಮುಚ್ಚುತ್ತದೆ. ಆರೂ ಐವತ್ತಕ್ಕೆ ತಲುಪಿದೆ. ಅಂಗಡಿಯವರು ಎರಡೂ ಕೀಲಿಗಳನ್ನು ಒತ್ತಿ ನೋಡಿ, ಹೊಸ ಚರ್ಮ ಹಾಕಬೇಕು, ಎಂಟು ದಿನ ಬೇಕು ಎಂದರು. ಚೀಟಿ ತೆಗೆದುಕೊಂಡು, ಅದರಲ್ಲಿ ಬರೆದದ್ದನ್ನು ಒಮ್ಮೆ ಓದಿ ಸರಿಯಿದೆಯೆಂದು ನೋಡಿ, ಡೈರಿಯ ಜನವರಿ ೩೦ರ ಪುಟದಲ್ಲಿ ಇಟ್ಟೆ.